ತಿರುಗಿ ಹೋದ ಐದು ಜನ

ಮಂಗಳ ಗ್ರಹದಲ್ಲಿ ಆಲೂಗಡ್ಡೆ ಬೆಳೆದವನ ಕತೆ ಅಂದ್ರೆ ನಿಮ್ಮಲ್ಲಿ ಸುಮಾರು ಜನಕ್ಕೆ 2015ರ ಸಿನಿಮಾ ನೆನಪಾಗಬಹುದು. ಸಿನಿಮಾಕ್ಕಿಂತ ಮುಂಚೆ ಅದು ಪುಸ್ತಕ. ಆಂಡಿ ವೀರ್ ಅಂತ ಅಮೆರಿಕದ ಒಬ್ಬ ಕಂಪ್ಯೂಟರ್ ಪ್ರೋಗ್ರಾಮರ್ ತನ್ನ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಬರೆದು ಪುಕ್ಕಟೆ ಹಾಕ್ತಾ ಬಂದಿದ್ದ. ಓದಿದವರು ಕೇಳಿದ್ರು ಅಂತ 2011ರಲ್ಲಿ ಇ-ಪುಸ್ತಕ ಮಾಡಿ 99 ಸೆಂಟಿಗೆ ಕೊಟ್ಟ. 2014ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿಸಿದ್ರು. ಹೆಸರು ‘ದಿ ಮಾರ್ಷಿಯನ್’. ಮಗ ಕಾಲೇಜಿನ ದಿನದಲ್ಲಿ ತಂದ ಪ್ರತಿಯೊಂದು ನಮ್ಮನೆ ನಾಗಂದಿಗೆ ಮೇಲೆ ಇತ್ತು. ಈ ಆಷಾಢದಲ್ಲಿ ಅದನ್ನ ಮೂರನೇ ಸಲ ಓದಿ ಮುಗಿಸಿದೆ.

“ಕತೆ ಗೊತ್ತಿದ್ದಲೆ, ಮತ್ತೆಂತಕ್ಕೆ ಓದ್ತೆ?” ಅಂತ ಅತ್ತೆ ಕೇಳಿದ್ರು. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಆಟ ನೋಡೋರು ಅವರೇ! ನಾನೆಂತ ಹೇಳಲಿ?

ಕತೆ ಗೊತ್ತಿಲ್ಲದವರಿಗೆ ಚೂರು ಹೇಳ್ತೀನಿ. ಆರು ಜನ ಮಂಗಳಕ್ಕೆ ಹೋಗಿರ್ತಾರೆ. ಆರನೇ ದಿನ ದೊಡ್ಡ ಬಿರುಗಾಳಿ. ಹಾರಿ ಬಂದ ಆಂಟೆನಾ ಚುಚ್ಚಿ ಮಾರ್ಕ್ ವಾಟ್ನಿ ಅನ್ನೋನು ಬಿದ್ದು ಹೋಗ್ತಾನೆ. ಸತ್ತ ಅಂತಲೇ ತಿಳಿದು ಉಳಿದ ಐದು ಜನ ಜೀವ ಉಳಿಸಿಕೊಂಡು ಹೊರಡ್ತಾರೆ. ಅವನು ಸತ್ತಿರಲ್ಲ. ಒಬ್ಬನೇ, ಇರೋ ಊಟ ಸಾಲಲ್ಲ. ಓದಿದ್ದು ಸಸ್ಯಶಾಸ್ತ್ರ. ಹಬ್ಬದ ಊಟಕ್ಕೆ ಅಂತ ಕಳಿಸಿದ್ದ ಹಸಿ ಆಲೂಗಡ್ಡೆ ಹೆಚ್ಚಿ, ಡೇರೆಯೊಳಗೆ ಮಂಗಳದ ಕೆಂಪು ಮಣ್ಣು ಹರವಿ ಸಾಗುವಳಿ ಶುರು ಮಾಡ್ತಾನೆ.

ಮೊದಲನೇ ಸಲ ಓದಿದಾಗ ನನಗೆ ಬೇಕಾಗಿದ್ದು ಇದೇ. ಅತ್ತೆಗೂ ಇದೇ. ದಿನಾ ಮಧ್ಯಾಹ್ನ ತರಕಾರಿ ಹೆಚ್ಚುವಾಗ ಅವತ್ತಿಂದು ಅವತ್ತು ಹೇಳಬೇಕಾಗಿತ್ತು. “ಗೊಬ್ರಕ್ಕೆ ಎಂತ ಮಾಡಿದ್ನಡ?” ಅಂತ ಕೇಳಿದ್ರು. ಅಲ್ಲಿ ದನ ಇಲ್ಲ, ಕೊಟ್ಟಿಗೆ ಇಲ್ಲ, ತನ್ನದೇ ಬಳಸಿಕೊಂಡ ಅಂದೆ. ಸೆರಗಲ್ಲಿ ಮೂಗು ಮುಚ್ಚಿಕೊಂಡು ನಕ್ಕು, “ಆದ್ರೂ ಬುದ್ಧಿವಂತನೇ ಸೈ” ಅಂದ್ರು. ಅವನ ಡೇರೆ ಒಡೆದು ಗಿಡ ಎಲ್ಲ ಸತ್ತ ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ಸಲ ಓದುವಾಗ ಮಾತ್ರ ಆಲೂಗಡ್ಡೆ ಹಿಂದೆ ಸರೀತು. ಹರ್ಮಿಸ್ ಅನ್ನೋ ಆಕಾಶನೌಕೆಯಲ್ಲಿ ಊರಿಗೆ ಮರಳ್ತಾ ಇದ್ದ ಆ ಐದು ಜನ ಮುಂದೆ ಬಂದ್ರು.

ಅವನು ಬದುಕಿದ್ದಾನೆ ಅನ್ನೋದನ್ನ ಅವರಿಗೆ ಎಷ್ಟೋ ದಿನ ಮುಚ್ಚಿಟ್ಟಿರ್ತಾರೆ. ಅವನಿಗೆ ಊಟ ಹೊತ್ತ ರಾಕೆಟ್ಟು ಮೇಲೆ ಏರುವಾಗಲೇ ಒಡೆದು ಹೋಗತ್ತೆ. ಆಗ ಲೆಕ್ಕ ಹಾಕೋ ಹುಡುಗನೊಬ್ಬ ಒಂದು ದಾರಿ ಹುಡುಕ್ತಾನೆ. ನೌಕೆ ಭೂಮಿಯ ಹತ್ತಿರ ಬಂದು ನಿಲ್ಲೋದು ಬೇಡ, ಭೂಮಿಯ ಸೆಳೆತದಲ್ಲೇ ಒಂದು ಸುತ್ತು ತಿರುಗಿ, ಸಾಮಾನು ಹತ್ತಿಸಿಕೊಂಡು, ಮತ್ತೆ ಮಂಗಳಕ್ಕೇ ಹೋಗಲಿ ಅಂತ. ಮೇಲಧಿಕಾರಿ ಬೇಡ ಅಂತಾರೆ. ಒಬ್ಬನ ಸಲುವಾಗಿ ಐದು ಜನರ ಜೀವ ಒತ್ತೆ ಇಡೋಕಾಗಲ್ಲ ಅನ್ನೋದು ಅವರ ಮಾತು. ಅದೂ ಸುಳ್ಳಲ್ಲ. ಆದರೆ ಆ ಲೆಕ್ಕ ಕದ್ದು ನೌಕೆಗೆ ಮುಟ್ಟತ್ತೆ, ಫೋಗೆಲ್ ಅನ್ನೋ ಜರ್ಮನಿಯವನಿಗೆ ಹೆಂಡತಿ ಮಕ್ಕಳ ಫೋಟೋ ಕಳಿಸಿದ ಹಾಗೆ.

ಹೋದ್ರೆ ಮನೆ ಸೇರೋದು 533 ದಿನ ತಡ. ನೌಕೆಯ ಯಜಮಾನಿ ಮೆಲಿಸಾ ಲೂಯಿಸ್, ಹೆಂಗಸು. ಹೋಗೋಣ ಅಂತ ಅಪ್ಪಣೆ ಕೊಟ್ಟಿದ್ರೆ ಎಲ್ಲರೂ ಕೇಳ್ತಿದ್ರು. ಅವಳು ಕೊಡಲ್ಲ. ಐದೂ ಜನ ಒಪ್ಪಬೇಕು, ಒಬ್ಬರು ಬೇಡ ಅಂದ್ರೂ ಸೀದಾ ಊರಿಗೆ ಅಂತಾಳೆ. ಮಾರ್ಟಿನೆಜ್‌ಗೆ ಊರಲ್ಲಿ ಸಣ್ಣ ಮಗ ಇದ್ದಾನೆ. ಫೋಗೆಲ್‌ಗೂ ಮಕ್ಕಳು. ಎಲ್ಲರಿಗಿಂತ ಚಿಕ್ಕ ಜೀವದ ಯೋಹಾನ್ಸನ್ ಆಮೇಲೊಮ್ಮೆ ಅಪ್ಪನ ಹತ್ತಿರ ಮಾತಾಡ್ತಾಳೆ. ಸಾಮಾನು ಹತ್ತಿಸಿಕೊಳ್ಳೋದು ತಪ್ಪಿ ಹೋದ್ರೆ ಉಳಿದ ನಾಲ್ವರು ಸಾಯ್ತಾರೆ, ಕಡಿಮೆ ಊಟ ಸಾಕಾಗೋ ತಾನೊಬ್ಬಳು ಬದುಕಿ ನೌಕೆ ನಡೆಸೋದು ಅಂತ ಮಾತಾಗಿದೆ ಅಂತಾಳೆ. ಆಗ ಅವಳಿಗೆ ಊಟ ಯಾವುದು ಅಂತಲೂ ಬರತ್ತೆ. ಆ ಪುಟ ಮಾತ್ರ ಊಟದ ಹೊತ್ತಲ್ಲಿ ಓದಬೇಡಿ ಮಾರಾಯ್ತಿರೇ. ಅತ್ತೆಗೆ ನಾನು ಅದನ್ನ ಹೇಳಲೇ ಇಲ್ಲ.

ಇದೆಲ್ಲ ಕತೆ ಅಂತ ಬಿಡೋ ಹಾಗೂ ಇಲ್ಲ. ಸುನೀತಾ ವಿಲಿಯಮ್ಸ್ ಸುದ್ದಿ ನಾವೆಲ್ಲ ಟೀವಿಲಿ ನೋಡಿದ್ದೇ. 2024ರ ಜೂನ್ 5ಕ್ಕೆ ಬುಚ್ ವಿಲ್ಮೋರ್ ಜೊತೆ ಹೋಗಿದ್ದು ಸುಮಾರು ಎಂಟು ದಿನಕ್ಕೆ, ಉಳಿದಿದ್ದು 286 ದಿನ. ಹೋದ ನೌಕೆಯಲ್ಲಿ ತೊಂದರೆ ಕಂಡು ಅದನ್ನ ಖಾಲಿಯೇ ಇಳಿಸಿದ್ರು. ಸೆಪ್ಟೆಂಬರ್ 28ಕ್ಕೆ ಬೇರೆ ನೌಕೆ ಹೊರಟಾಗ ನಾಲ್ಕು ಜನ ಹೋಗೋ ಕಡೆ ಇಬ್ಬರೇ ಹೋದ್ರು, ಬರುವಾಗ ಇವರಿಬ್ಬರಿಗೆ ಜಾಗ ಇರಲಿ ಅಂತ. ಮಾರ್ಚ್‌ನಲ್ಲಿ ಸುನೀತಾ ಸಮುದ್ರಕ್ಕೆ ಇಳಿದಾಗ ನಮ್ಮನೆಯಲ್ಲೂ ಚಪ್ಪಾಳೆ ಬಿತ್ತು. ಆ ಎರಡು ಸೀಟು ಯಾರದಾಗಿತ್ತು? ಜೀನಾ ಕಾರ್ಡ್‌ಮನ್, ಸ್ಟೆಫನಿ ವಿಲ್ಸನ್ ಅಂತ ಇಬ್ಬರು ಹೆಂಗಸರದ್ದು. ತರಬೇತಿ ಎಲ್ಲ ಮುಗಿಸಿ ಹೊರಡೋಕೆ ತಯಾರಾಗಿದ್ದೋರು. ಕಾರ್ಡ್‌ಮನ್‌ಗೆ ಮರುವರ್ಷ ಆಗಸ್ಟಲ್ಲಿ ಬೇರೆ ನೌಕೆ ಸಿಕ್ತು. ಸುನೀತಾ ಹೆಸರು ನಮ್ಮೂರ ಶಾಲೆ ಮಕ್ಕಳಿಗೂ ಗೊತ್ತು. ಸೀಟು ಬಿಟ್ಟುಕೊಟ್ಟವರ ಹೆಸರು?

ನಾನು ಈ ಪುಸ್ತಕವನ್ನ ಎರಡನೇ ಸಲ ಓದಿದ್ದಕ್ಕೂ ಮೂರನೇ ಸಲ ಓದಿದ್ದಕ್ಕೂ ಮಧ್ಯ ಒಂದು ಮಳೆಗಾಲ ಇದೆ. ಆ ವರ್ಷ ನಮ್ಮನೆಯವರು ತೋಟದ ಸಂಕ ದಾಟುವಾಗ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡಿದ್ದು ನಿಮಗೆಲ್ಲ ಗೊತ್ತಿದೆ. ಕರೆಂಟಿಲ್ಲ, ಸಿಗ್ನಲ್ಲಿಲ್ಲ, ರಸ್ತೆಗೆ ಅಡ್ಡ ಮರ ಬಿದ್ದಿದೆ. ನಾನು ಕೂಗಿದ್ದು ಕೇಳಿ ಬಂದವರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಗಳ ಕಟ್ಟಿ, ಕಂಬಳಿ ಹೊದೆಸಿ, ಆ ಮಳೆಯಲ್ಲಿ ಟಾರು ರಸ್ತೆ ತನಕ ಹೊತ್ತರು. ಮಗ ಬೆಂಗಳೂರಿಂದ ಬರೋ ತನಕ, ಬಂದ ಮೇಲೂ, ಮೇಲಿನಮನೆ ಭಾವ ಒಟ್ಟು ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ರು. ಬೆಂಚಿನ ಮೇಲೆ ಮಲಗಿದ್ರು. ರಕ್ತವನ್ನೂ ಕೊಟ್ರು.

ಆ ವರ್ಷ ಮಳೆ ಹೊಳ ಕೊಟ್ಟಿದ್ದು ಅದೇ ನಾಲ್ಕು ದಿನ. ಎರಡನೇ ಔಷಧಿ ಹೊಡೆಯೋ ಹೊತ್ತು. ಮೊದಲನೇದು ಹೊಡೆದು 40-45 ದಿನಕ್ಕೆ ಇನ್ನೊಂದು ಬೀಳದೇ ಹೋದ್ರೆ ಅಡಿಕೆಗೆ ಎಂತ ಆಗತ್ತೆ ಅಂತ ನಿಮಗೆ ನಾನು ಹೇಳಬೇಕಾ? ಭಾವನ ಮನೆಯಲ್ಲಿ ಮೈಲುತುತ್ತ ತಂದಿಟ್ಟಿದ್ದು ಹಾಗೇ ಇತ್ತು, ಸುಣ್ಣವೂ. ಅವರು ಬಂದ ದಿನ ರಾತ್ರಿಯೇ ಮಳೆ ಮತ್ತೆ ಹಿಡೀತು. ಕೊಳೆ ಬಂತು.

ಇದನ್ನ ಭಾವ ಬಾಯಿಬಿಟ್ಟು ಹೇಳಿದವರಲ್ಲ. ಮರುವರ್ಷ ಅವರ ಮನೆಗೆ ಅಡಿಕೆ ಸುಲಿಯೋಕೆ ಹೋಗಿದ್ದಾಗ ಅಕ್ಕ ಬೇರೆ ಯಾವುದೋ ಮಾತಿನ ಮಧ್ಯ ಅಂದ್ಲು: “ಆ ವರ್ಷ ಯಂಗ್ಳ ತೋಟಕ್ಕೆ ಎರಡ್ನೇ ಔಷ್ದಿ ಹೊಡ್ಯಲೇ ಆಜಿಲ್ಲೆ, ಗೊತ್ತಿದ್ದಾ?” ನಗ್ತಾನೇ ಅಂದಿದ್ದು. ಭಾವ ಮೆಟ್ಟುಗತ್ತಿಯಿಂದ ತಲೆ ಎತ್ತಲಿಲ್ಲ. ಎಷ್ಟು ಹೋಯ್ತು ಅಂತ ಅವರೂ ಹೇಳಲಿಲ್ಲ.

ಈ ಸಲ 533 ದಿನ ಅನ್ನೋ ಪುಟ ಬಂದಾಗ ನನಗೆ ಕಂಡಿದ್ದು ಆ ನಾಲ್ಕು ದಿನ. ಲೂಯಿಸ್ ತನ್ನ ಜನಕ್ಕೆ ಬೇಡ ಅನ್ನೋಕೆ ಒಂದು ಬಾಗಿಲು ತೆರೆದಿಟ್ಟಿದ್ಲು. ನಮ್ಮೂರಲ್ಲಿ ಆ ಬಾಗಿಲೇ ಇಲ್ಲ. ಮಳೆಯಲ್ಲಿ ಹೆಂಗಸೊಬ್ಬಳು ಕೂಗಿದ್ರೆ ಯಾರು ತಾನೇ ಆಗಲ್ಲ ಅಂತಾರೆ?

ನಮ್ಮ ಮನೆ ಹಿಂದಿನ ದಿಬ್ಬ ಹತ್ತಿದ್ರೆ ಕವಲೇದುರ್ಗದ ಗುಡ್ಡ ಕಾಣತ್ತೆ. ಆ ಕೋಟೆ ಕೆಳದಿಯವರದ್ದು. 1689ರಲ್ಲಿ ಅಣ್ಣ ಸಂಭಾಜಿಯನ್ನ ಔರಂಗಜೇಬ ಕೊಲ್ಲಿಸಿದ ಮೇಲೆ ಶಿವಾಜಿಯ ಕಿರಿಮಗ ರಾಜಾರಾಮ ಜಿಂಜಿಗೆ ಓಡಿ ಹೋಗುವಾಗ ನಮ್ಮ ಸೀಮೆಯ ಮೇಲೇ ಬಂದ. ಕೆಳದಿಯ ಚೆನ್ನಮ್ಮಾಜಿಗೆ ಇಲ್ಲ ಅನ್ನೋ ದಾರಿ ಇತ್ತು. ಅವಳು ಆಸರೆ ಕೊಟ್ಟು ದಾಟಿಸಿದ್ಲು. ಬೆನ್ನಿಗೇ ಔರಂಗಜೇಬನ ಸೈನ್ಯ ಬಂತು. ರಾಣಿಯನ್ನ ನಾವು ಈಗಲೂ ನೆನೀತೀವಿ, ನೆನೀಬೇಕು. ಆ ಸೈನ್ಯ ಬಂದ ವರ್ಷ ಗದ್ದೆ ಬಿಟ್ಟು ಓಡಿದವರು, ಕತ್ತಿ ಹಿಡಿದು ಹೋದವರು ಯಾವ ಯಾವ ಮನೆಯವರೋ.

ವಾಟ್ನಿಯೂ ಕೃತಘ್ನ ಅಲ್ಲ. ಜೊತೆಯವರು ತನಗಾಗಿ ಆಯುಷ್ಯದ ಒಂದು ವರ್ಷ ಕೊಟ್ಟರು ಅಂತ ಕೊನೆಯಲ್ಲಿ ನೆನೀತಾನೆ. ಕಷ್ಟದಲ್ಲಿದ್ದವರಿಗೆ ಸಹಾಯ ಮಾಡೋದು ಮನುಷ್ಯರ ಹುಟ್ಟುಗುಣ ಅಂತಾನೆ. ನನಗೆ ಅದು ಅರ್ಧ ಮಾತ್ರ ಸರಿ ಕಾಣತ್ತೆ. ಕೂಗು ಕೇಳಿ ಕತ್ತಲೆಯಲ್ಲಿ ಓಡಿ ಬರೋದು ಹುಟ್ಟುಗುಣ ಇರಬಹುದು. ನಾಲ್ಕನೇ ದಿನ ಆಸ್ಪತ್ರೆ ಕಿಟಕಿಯಲ್ಲಿ ಬಿಸಿಲು ನೋಡಿ, ತೋಟ ನೆನೆದೂ ಬೆಂಚು ಬಿಟ್ಟು ಏಳದೇ ಇರೋದಕ್ಕೆ ಹುಟ್ಟುಗುಣ ಸಾಕಾಗಲ್ಲ.

ಕಳೆದ ವರ್ಷದಿಂದ ಹೊಳ ಬಂದ ದಿನ ನಮ್ಮ ಪಂಪು, ಪೈಪು, ಔಷಧಿ ಹೊಡೆಯೋರು ಮೊದಲು ಮೇಲಿನಮನೆ ತೋಟಕ್ಕೆ, ಆಮೇಲೆ ನಮ್ಮದಕ್ಕೆ. ಭಾವ ಬೇಡ ಬೇಡ ಅಂದ್ರು. ಕೋಲು ಊರಿಕೊಂಡು ನಡೆಯೋ ನಮ್ಮನೆಯವರು ಬೇಲಿ ಈಚೆಯಿಂದಲೇ ಗದರಿದ ಮೇಲೆ ಸುಮ್ಮನಾದ್ರು.

ಪುಸ್ತಕ ಈಗ ಅಕ್ಕನ ಹತ್ತಿರ ಇದೆ. ಇಂಗ್ಲಿಷು ನಿಧಾನ ಅಂತ ದಿನಕ್ಕೆ ಎರಡೇ ಪುಟ, ಇನ್ನೂ ಗೊಬ್ಬರದ ಹತ್ತಿರ ಇದ್ದಾಳೆ. ಮುಂದಿನ ಪಾಳಿ ಯಾರಿಗೆ ಬೇಕು ಹೇಳಿ ಕಳಿಸಿ. ಮೈಲುತುತ್ತದ ಕೈ ತೊಳೆದುಕೊಂಡು ಹಿಡೀಬೇಕು, ಅಷ್ಟೇ.