ಮೂರು ಜಾವದ ದೀಪ

ಹೆತ್ತ ತಾಯಿಯೇ ಮಗನನ್ನು ಅತಿಥಿಯೆಂದು ಭಾವಿಸಿ ಉಪಚರಿಸುವ ಗಳಿಗೆಯೊಂದು ಬಂದೀತೆಂದು ನಾನು ಎಂದೂ ಎಣಿಸಿರಲಿಲ್ಲ. ಮೂರು ವರ್ಷಗಳ ಹಿಂದಿನ ಒಂದು ಸಂಜೆ ತರಕಾರಿಯ ಚೀಲ ಹಿಡಿದು ಮನೆಯೊಳಗೆ ಬಂದಾಗ, ಎಂಬತ್ತೆರಡು ವರ್ಷದ ನನ್ನ ತಾಯಿ ಕುರ್ಚಿಯಿಂದ ಎದ್ದು ನಿಂತರು. ಸೆರಗನ್ನು ಸರಿಪಡಿಸಿಕೊಂಡು, "ಬನ್ನಿ, ಕೂತ್ಕೊಳ್ಳಿ. ನನ್ನ ಮಗ ಇನ್ನೂ ಸ್ಕೂಲಿಂದ ಬಂದಿಲ್ಲ" ಎಂದರು. ಆಗ ನನಗೆ ಐವತ್ತೇಳು ವರ್ಷ. ಅವರಿಗೆ ನಾನೊಬ್ಬನೇ ಮಗ.

ಅದು ಮರೆವಿನ ಕಾಯಿಲೆಯೆಂದು ವೈದ್ಯರು ಮೊದಲೇ ತಿಳಿಸಿದ್ದರು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಅಮ್ಮನಿಗೂ ಪರೀಕ್ಷೆ ನಡೆಸತೊಡಗಿದೆ. ಗೋಡೆಯ ಮೇಲಿನ ಭಾವಚಿತ್ರವನ್ನು ಕೆಳಗಿಳಿಸಿ, "ಇದು ಯಾರು ಹೇಳು? ನನ್ನ ಹೆಸರೇನು ಹೇಳು?" ಎಂದು ದಿನವೂ ಕೇಳುತ್ತಿದ್ದೆ. ಒಂದು ದಿನ ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, "ನನಗೆ ಗೊತ್ತಿಲ್ಲ, ಬೈಯಬೇಡಿ" ಎಂದು ಅತ್ತರು. ಆ 'ಬೈಯಬೇಡಿ' ಎಂಬ ಬಹುವಚನ ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಅವರ ನೆನಪಿಗಾಗಿ ನಾನು ಹೋರಾಡುತ್ತಿದ್ದೇನೆಂದು ತಿಳಿದಿದ್ದೆ. ನಿಜವಾಗಿ ಹೋರಾಡುತ್ತಿದ್ದುದು ನನ್ನ ಹೆಸರಿಗಾಗಿ.

ಆ ದಿನಗಳಲ್ಲಿ ನನ್ನ ಕೈಗೆ ಬಂದದ್ದು ಪಾಲಿ ಭಾಷೆಯ ಹಳೆಯ ಗ್ರಂಥ 'ಮಿಲಿಂದ ಪನ್ಹ', ಅಂದರೆ ಮಿಲಿಂದನ ಪ್ರಶ್ನೆಗಳು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಭಾರತದ ವಾಯವ್ಯ ಭಾಗವನ್ನು ಆಳಿದ ಗ್ರೀಕ್ ದೊರೆ ಮಿನಾಂಡರನೇ ಈ ಮಿಲಿಂದ. ನಾಗಸೇನನೆಂಬ ಬೌದ್ಧ ಭಿಕ್ಷುವಿನೊಂದಿಗೆ ಅವನು ನಡೆಸಿದ ಸಂವಾದವೇ ಈ ಗ್ರಂಥ. 'ನಾನು' ಎಂಬುದು ಏನು ಎಂಬ ಚರ್ಚೆ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಒಂದು ಕಡೆ ನಾಗಸೇನನು ಅರಸನನ್ನು ಪ್ರಶ್ನಿಸುತ್ತಾನೆ: ತೊಟ್ಟಿಲಲ್ಲಿ ಅಂಗಾತ ಮಲಗಿದ್ದ ಎಳೆಗೂಸೂ ಇಂದು ಸಿಂಹಾಸನದ ಮೇಲಿರುವ ನೀನೂ ಒಬ್ಬನೇ ಏನು? ಅಲ್ಲ, ಆ ಕೂಸು ಬೇರೆ, ನಾನು ಬೇರೆ ಎನ್ನುತ್ತಾನೆ ಅರಸ. ಹಾಗಾದರೆ ನಿನಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ, ಗುರುವೂ ಇಲ್ಲವೆಂದಾಯಿತಲ್ಲ ಎಂಬುದು ಭಿಕ್ಷುವಿನ ಮರುಮಾತು. ಬಳಿಕ ಅವನು ದೀಪದ ಹೋಲಿಕೆ ಕೊಡುತ್ತಾನೆ. ರಾತ್ರಿಯಿಡೀ ಉರಿಯುವ ಹಣತೆಯಲ್ಲಿ ಮೊದಲ ಜಾವದ ಜ್ವಾಲೆಯೇ ನಡುವಿನ ಜಾವದ್ದಲ್ಲ, ನಡುವಿನದೇ ಕೊನೆಯದ್ದಲ್ಲ. ಹಾಗೆಂದು ಮೂರು ಜಾವಕ್ಕೆ ಮೂರು ದೀಪಗಳೂ ಇರಲಿಲ್ಲ. ಹಾಲು ಮೊಸರಾಗುತ್ತದೆ, ಮೊಸರು ಬೆಣ್ಣೆಯಾಗುತ್ತದೆ, ಬೆಣ್ಣೆ ತುಪ್ಪವಾಗುತ್ತದೆ. ತುಪ್ಪವನ್ನು ಹಾಲೆಂದು ಕರೆಯಲಾಗದು. ಹಾಲಿಲ್ಲದೆ ತುಪ್ಪವೂ ಇಲ್ಲ. ಮನುಷ್ಯನೂ ಹೀಗೆಯೇ: ಅವನೇ ಅಲ್ಲ, ಬೇರೆಯವನೂ ಅಲ್ಲ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ. ಮಗ ಶಾಲೆಯಿಂದ ಬಂದಿಲ್ಲವೆಂದು ಅಮ್ಮ ಹೇಳಿದ್ದು ಸುಳ್ಳೇ? ಚೀಲ ಹೆಗಲಿಗೇರಿಸಿ ಹೋದ ಆ ಎಂಟು ವರ್ಷದ ಹುಡುಗ ನಿಜಕ್ಕೂ ಹಿಂತಿರುಗಿ ಬಂದಿಲ್ಲ. ಅವನ ಸ್ಥಾನದಲ್ಲಿ ಈ ನರೆತ ತಲೆಯ ಮನುಷ್ಯ ಬಂದು ನಿಂತಿದ್ದಾನೆ. ಅಮ್ಮನಿಗೆ ಇದು ಕಂಡಿತ್ತು. ನಾನಾದರೋ ಅವರು ನಲವತ್ತು ವರ್ಷಗಳ ಹಿಂದಿನ ತಾಯಿಯಾಗಿಯೇ ಇರಲಿ ಎಂದು ಹಟ ಹಿಡಿದಿದ್ದೆ. ಬದಲಾವಣೆಯನ್ನು ಅರಿಯದಿದ್ದವರು ಯಾರು, ಓದುಗರೇ?

ವಾರಾಣಸಿಯ ಸಮೀಪದ ಇಸಿಪತನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ಬುದ್ಧನು ತನ್ನ ಮೊದಲ ಐವರು ಶಿಷ್ಯರಿಗೆ ಈ ವಿಚಾರವನ್ನೇ ಬೋಧಿಸಿದನೆಂದು ಪಾಲಿ ಗ್ರಂಥಗಳು ತಿಳಿಸುತ್ತವೆ. ಮನುಷ್ಯನೆಂದರೆ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದರ ಕೂಟ. ಇವುಗಳಲ್ಲಿ ಯಾವುದೂ ನಮ್ಮ ಆಜ್ಞೆಯನ್ನು ಕೇಳುವುದಿಲ್ಲ. ದೇಹ ಹೀಗಿರಲಿ, ಹಾಗಾಗದಿರಲಿ ಎಂದು ಹೇಳಿ ನಡೆಸಲಾಗದ ಮೇಲೆ ಅದನ್ನು 'ನಾನು', 'ನನ್ನದು' ಎನ್ನುವುದು ಹೇಗೆ? ಇದೇ ಅನಾತ್ಮ ಬೋಧೆಯ ತಿರುಳು.

ಈ ಐದರ ಎಣಿಕೆ ಮೊದಲು ನನಗೆ ಒಣ ತರ್ಕವಾಗಿ ಕಂಡಿತ್ತು. ಅಮ್ಮನ ಪಕ್ಕದಲ್ಲಿ ಕುಳಿತು ಯೋಚಿಸಿದಾಗ ಅದರ ಬೆಲೆ ತಿಳಿಯಿತು. ಸಂಜ್ಞೆಯೆಂದರೆ ಗುರುತಿಸುವ ಶಕ್ತಿ. ಅಮ್ಮನಲ್ಲಿ ಕುಂದಿರುವುದು ಮುಖ್ಯವಾಗಿ ಅದು. ನಾವು ಕನ್ನಡದಲ್ಲಿ ವೇದನೆಯೆಂದರೆ ನೋವೆಂದಷ್ಟೇ ತಿಳಿಯುತ್ತೇವೆ. ಬೌದ್ಧರ ಪರಿಭಾಷೆಯಲ್ಲಿ ಹಿತ, ಅಹಿತ ಮತ್ತು ಅವೆರಡೂ ಅಲ್ಲದ ಎಲ್ಲ ಅನುಭವವೂ ವೇದನೆಯೇ. ಅದು ಅಮ್ಮನಲ್ಲಿ ಇನ್ನೂ ಜೀವಂತವಾಗಿದೆ. ನಾನು ಯಾರೆಂದು ಅವರಿಗೆ ತಿಳಿಯದು. ನನ್ನ ದನಿ ಒರಟಾಗಿದೆಯೋ ಮೃದುವಾಗಿದೆಯೋ ಎಂಬುದು ಚೆನ್ನಾಗಿ ತಿಳಿಯುತ್ತದೆ. ಮರೆತುಹೋದ ಘಟನೆಯ ಹಿಂದೆ ಅದು ಹುಟ್ಟಿಸಿದ ದುಃಖವಾಗಲಿ ನೆಮ್ಮದಿಯಾಗಲಿ ಉಳಿಯಬಲ್ಲದೆಂದು ವೈದ್ಯರೂ ಹೇಳುತ್ತಾರೆ. ನಾನು ಬೀಗ ಬಿದ್ದ ಬಾಗಿಲನ್ನೇ ಬಡಿಯುತ್ತಾ, ತೆರೆದಿದ್ದ ಬಾಗಿಲನ್ನು ನೋಡದೆ ಹೋಗಿದ್ದೆ.

ಆದರೆ ಹೆಸರು ಹಿಡಿದು ಕರೆಯದಿದ್ದುದಕ್ಕೆ ನನಗೇಕೆ ಅಷ್ಟು ನೋವಾಯಿತು? ಬುದ್ಧನ ಶಿಷ್ಯ ಸಾರಿಪುತ್ತನು ಒಂದೆಡೆ ಜೊಂಡಿನ ಎರಡು ಕಟ್ಟುಗಳ ಉದಾಹರಣೆ ಕೊಡುತ್ತಾನೆ. ಒಂದಕ್ಕೊಂದು ಒರಗಿ ನಿಂತ ಕಟ್ಟುಗಳಲ್ಲಿ ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ. ಅವನು ಇದನ್ನು ಹೇಳಿದ್ದು ವಿಜ್ಞಾನ ಮತ್ತು ನಾಮರೂಪಗಳ ಪರಸ್ಪರ ಅವಲಂಬನೆಯನ್ನು ಕುರಿತು. ನನಗಾದರೋ ಅದರಲ್ಲಿ ನಮ್ಮ ಮನೆಯೇ ಕಂಡಿತು. 'ಮಗ' ಎಂಬ ನನ್ನ ಕಟ್ಟು 'ತಾಯಿ' ಎಂಬ ಕಟ್ಟಿಗೆ ಒರಗಿ ನಿಂತಿತ್ತು. ತಾನೇ ಸ್ವತಂತ್ರವಾಗಿ ನಿಂತಿದ್ದೇನೆಂದು ಭ್ರಮಿಸಿದ್ದ ನಾನು, ಅವರ ನೆನಪು ಸರಿದೊಡನೆ ವಾಲಿದೆ.

ಇಷ್ಟೆಲ್ಲ ತಿಳಿದ ಮೇಲೆ ದುಃಖ ಮಾಯವಾಯಿತೆಂದು ಹೇಳಿದರೆ ಅದು ಸುಳ್ಳಾದೀತು. ಕುಸಿನಾರದಲ್ಲಿ ಬುದ್ಧನ ಅಂತ್ಯ ಸಮೀಪಿಸಿದಾಗ, ಜೀವನವಿಡೀ ಈ ಬೋಧೆಯನ್ನು ಕೇಳಿದ್ದ ಆನಂದನೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅತ್ತನಂತೆ. ಬುದ್ಧನು ಅವನನ್ನು ಹತ್ತಿರ ಕರೆದು, ಪ್ರಿಯವಾದುದೆಲ್ಲದರಿಂದ ಅಗಲಿಕೆ ತಪ್ಪದೆಂಬುದನ್ನು ನೆನಪಿಸಿದ. ಅಷ್ಟಕ್ಕೇ ನಿಲ್ಲಿಸದೆ, ದೇಹದಿಂದ, ಮಾತಿನಿಂದ, ಮನಸ್ಸಿನಿಂದ ಆನಂದನು ಪ್ರೀತಿಯಿಟ್ಟು ಮಾಡಿದ ಸೇವೆಯನ್ನು ಮೆಚ್ಚಿ ನುಡಿದ. ಎಲ್ಲವೂ ಅನಿತ್ಯವೆಂದು ಸಾರಿದವನೇ ಸೇವೆ ವ್ಯರ್ಥವೆಂದು ಹೇಳಲಿಲ್ಲ. ಉಳಿಯುವುದಿಲ್ಲವೆಂಬ ಕಾರಣಕ್ಕೇ ಆರೈಕೆ ಇಂದೇ ಆಗಬೇಕು.

ಈಗ ಭಾವಚಿತ್ರ ತನ್ನ ಗೋಡೆಯ ಮೇಲಿದೆ. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಸಂಜೆಯಾದೊಡನೆ ಅಮ್ಮ ಬಾಗಿಲ ಕಡೆ ನೋಡುತ್ತಾ, "ನನ್ನ ಮಗ ಬಂದನಾ?" ಎನ್ನುತ್ತಾರೆ. "ಕತ್ತಲಾಗೋದ್ರೊಳಗೆ ಬರ್ತಾನಮ್ಮ. ಅಲ್ಲೀವರೆಗೂ ನಾನು ಜೊತೇಲಿ ಕೂತಿರ್ತೀನಿ" ಎನ್ನುತ್ತೇನೆ. ನಮ್ಮ ನಾಡಿನಲ್ಲಿ ಅಪರಿಚಿತನೂ ಹಿರಿಯ ಹೆಂಗಸನ್ನು 'ಅಮ್ಮ' ಎನ್ನಬಹುದಾದ್ದರಿಂದ ಆ ಕರೆ ಅವರಿಗೆ ವಿಚಿತ್ರವೆನಿಸುವುದಿಲ್ಲ. ಕೆಲವೊಮ್ಮೆ ಅವರು ನನ್ನ ಕೈ ಹಿಡಿದು, "ನೀವು ತುಂಬಾ ಒಳ್ಳೆಯವರು" ಎನ್ನುತ್ತಾರೆ. ಮಗನಾಗಿ ನಾನು ಇಂಥ ಮಾತನ್ನು ಗಳಿಸಿದ್ದೆನೋ ಇಲ್ಲವೋ ನೆನಪಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಮೂಲೆಯ ಮಂಚದ ಮೇಲೂ ಇಂಥ ಜೀವವೊಂದು ಇರಬಹುದು. ಅವರು ಮೊದಲಿನಂತಿಲ್ಲವೆಂದು ಕೊರಗುವಾಗ, ಮೊದಲಿನಂತೆ ನಾವೂ ಇಲ್ಲವೆಂಬುದನ್ನು ನೆನೆಯೋಣ. ಕೊನೆಯ ಜಾವದ ಜ್ವಾಲೆ ಚಿಕ್ಕದಿರಬಹುದು. ಆದರೂ ಗಾಳಿ ತಾಗದಂತೆ ಅದಕ್ಕೊಂದು ಅಂಗೈಯ ಮರೆ ಬೇಕು.