ಕರಿಯ ಹೊನ್ನು

ಆಗ ಭದ್ರಾವತಿಯಲ್ಲಿ ಬೆಳಗಾಗುತ್ತಿದ್ದುದು ಕಾರ್ಖಾನೆಯ ಸೈರನ್ನಿಗೆ. ಅದು ಕೂಗಿತೆಂದರೆ ಅಪ್ಪ ಬುತ್ತಿಯ ಕ್ಯಾರಿಯರನ್ನು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಶಿಫ್ಟಿಗೆ ಹೊರಡುತ್ತಿದ್ದರು. ನಾನು ನೋಟುಬುಕ್ಕು ಕಂಕುಳಿಗೆ ಸೇರಿಸಿ ಶಿವಮೊಗ್ಗದ ರೈಲಿಗೆ ಓಡುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ಮೀಟರ್‌ಗೇಜ್ ರೈಲು, ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ಅದು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಒಂದು ಅಧ್ಯಾಯ ಓದಿ ಮುಗಿಸಬಹುದಿತ್ತು. ಓದುತ್ತಿದ್ದವರು ಯಾರು ಅನ್ನುವುದು ಬೇರೆ ಮಾತು.

ಸಹ್ಯಾದ್ರಿ ಕಾಲೇಜಿನಲ್ಲಿ ನಮಗೆ ಹಳಗನ್ನಡ ಹೇಳುತ್ತಿದ್ದ ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ತೀರ್ಥಹಳ್ಳಿ ಕಡೆಯವರು. ಅದೇ ಸೀಮೆಯ ಮಾಳೂರಿನಲ್ಲಿ 1914ರಲ್ಲಿ ಹುಟ್ಟಿ, ಕಾಳಿದಾಸನನ್ನು ಕನ್ನಡಕ್ಕೆ ತಂದ ಎಸ್.ವಿ. ಪರಮೇಶ್ವರ ಭಟ್ಟರೆಂದರೆ ಅವರಿಗೆ ದೇವರ ಸಮಾನ. ಸಂಸ್ಕೃತ ಮನೆಯಲ್ಲೇ ಬಂದಿತ್ತು. ಆದರೆ ಲ್ಯಾಟಿನ್? ಅದನ್ನು ಊರಿನ ಮುದಿ ಪಾದ್ರಿಯೊಬ್ಬರ ಹತ್ತಿರ ಕಲಿತಿದ್ದರು, ಬದಲಿಗೆ ಅವರಿಗೆ ಸಂಸ್ಕೃತ ಹೇಳಿಕೊಟ್ಟು. 1960ರ ದಶಕದ ವ್ಯಾಟಿಕನ್ ಸಭೆಯ ಮೇಲೆ ಚರ್ಚಿನ ಪೂಜೆ ಕನ್ನಡಕ್ಕೆ ಬಂತಲ್ಲ, ಆಗ ಮೇಷ್ಟ್ರು ಖುಷಿಪಟ್ಟರಂತೆ, ಆಮೇಲೆ ಸಪ್ಪಗಾದರಂತೆ. "ಪ್ರಾರ್ಥನೆ ಜನರಿಗೆ ತಿಳಿಯಬೇಕು ಮಾರಾಯ, ಅದು ಸರಿಯೇ. ಆದರೆ ಆ ಫಾದರ್‌ಗೆ ಇನ್ನು ಮಾತಾಡೋಕೆ ನಾನೊಬ್ಬನೇ ಉಳಿದೆ" ಎನ್ನುತ್ತಿದ್ದರು.

ಮೊದಲ ದಿನ ಹಾಜರಿ ಹಿಡಿಯುವಾಗ ನನ್ನ ಊರು ಕೇಳಿದರು. ಭದ್ರಾವತಿ ಎಂದೆ. "ಅದಕ್ಕೆ ಹಳೇ ಹೆಸರು ಏನು ಗೊತ್ತೇನೋ? ಬೆಂಕಿಪುರ" ಎಂದರು. ಆವತ್ತಿನಿಂದ ಮೂರು ವರ್ಷ ನಾನು ಬೆಂಕಿಪುರವೇ. ಆಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದರ ಪಕ್ಕ ಒಂದು ಬರೆದರು: ಬೆಂಕಿ, ಅಗ್ನಿ, ಇಗ್ನಿಸ್. ಮೊದಲನೆಯದು ನಮ್ಮದು, ಎರಡನೆಯದು ಸಂಸ್ಕೃತ, ಮೂರನೆಯದು ಲ್ಯಾಟಿನ್. ಕೊನೆಯ ಎರಡು ಅಣ್ಣತಮ್ಮಂದಿರು, ನಮ್ಮ ಬೆಂಕಿ ಬೇರೆ ಮನೆಯ ಮಗ, ಆದರೆ ಸುಡೋದರಲ್ಲಿ ಮೂವರೂ ಒಂದೇ. ಹಿಂದಿನ ಬೆಂಚಿನವರೂ ನಕ್ಕರು.

ಅವರು ಛಂದಸ್ಸು ಹೇಳುತ್ತಿದ್ದುದು ಬಾಯಲ್ಲಲ್ಲ, ಮೇಜಿನ ಮೇಲೆ. ಡಸ್ಟರಿನ ಹಿಂಬದಿಯಿಂದ ಗುರು ಲಘು ಬಡಿಯುತ್ತಿದ್ದರು. ಭಗಣವೆಂದರೆ ಒಂದು ಗುರು, ಎರಡು ಲಘು. ರೋಮಿನ ವರ್ಜಿಲನ ಸಾಲಿನಲ್ಲೂ ಕುಣಿಯುವುದು ಅದೇ ಭಗಣ, ನಮ್ಮ ಉತ್ಪಲಮಾಲೆ ಶುರುವಾಗುವುದೂ ಅದರಿಂದಲೇ ಎಂದು ಬಡಿದು ತೋರಿಸಿದರು. ಆವತ್ತು ಸಂಜೆ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನಿಗೆ ಗಾಲಿಗಳು ಭಗಣದಲ್ಲೇ ಓಡುತ್ತಿವೆ ಅನ್ನಿಸಿತು. ಈಗ ಬ್ರಾಡ್‌ಗೇಜ್. ರೈಲು ಬೇಗ ಮುಟ್ಟಿಸುತ್ತದೆ, ಸೀಟಿನ ಮೆತ್ತೆಯೂ ಚೆನ್ನಾಗಿದೆ. ತಾಳ ಮಾತ್ರ ಕೇಳುವುದಿಲ್ಲ.

ಒಮ್ಮೆ ನಮ್ಮನ್ನೆಲ್ಲ ಬಸ್ಸಿನಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಕರೆದುಕೊಂಡು ಹೋಗಿದ್ದರು. ಕೇದಾರೇಶ್ವರ ಗುಡಿಯ ಹತ್ತಿರ, ಕೋಡಿಯ ಮಠದ 1162ರ ಶಾಸನವನ್ನು ಬಿಡಿಸಿ ಹೇಳಿದರು. ಆ ಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠ, ದರ್ಶನಗಳು, ಪುರಾಣಗಳು. ಅದೇ ಉಸಿರಿನಲ್ಲಿ ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನ. ಮೇಷ್ಟ್ರು ತಡೆದು ನಿಂತದ್ದು ವ್ಯಾಕರಣದ ಹತ್ತಿರವಲ್ಲ, ಅನ್ನದ ಹತ್ತಿರ. "ನೋಡಿ, ಪಾಠಶಾಲೆ ಎಂದರೆ ಇದು" ಎಂದು ಹೇಳಿ, ತಮ್ಮ ಬುತ್ತಿಯ ಅವಲಕ್ಕಿಯನ್ನು ಬುತ್ತಿ ತರದಿದ್ದ ಮೂವರಿಗೆ ಹಂಚಿದರು. ಈಗ ಕಾಲೇಜಿನ ಜಾಹೀರಾತುಗಳಲ್ಲಿ ಏನೇನೋ ಇರುತ್ತದೆ, ಈಜುಕೊಳವೂ ಇರುತ್ತದೆ. ಆ ಕಲ್ಲಿನ ಪಟ್ಟಿ ಮಾತ್ರ ಎಲ್ಲೂ ಕಂಡಿಲ್ಲ.

ಆದರೆ ನನ್ನ ಎದೆಯಲ್ಲಿ ಉಳಿದದ್ದು ಇನ್ನೊಂದು ದಿನ. ಕೇಶಿರಾಜನ 'ಶಬ್ದಮಣಿದರ್ಪಣ'ದ ಸಮಾಸ ಪ್ರಕರಣ ನಡೆಯುತ್ತಿತ್ತು, ನನಗೆ ತೂಕಡಿಕೆ. "ಏಯ್ ಬೆಂಕಿಪುರ, ನಿಮ್ಮಪ್ಪ ಏನು ಕೆಲಸ?" ಎಬ್ಬಿಸಿ ಕೇಳಿದರು. ಕಬ್ಬಿಣದ ಕಾರ್ಖಾನೆ ಎಂದೆ, ತುಸು ಸಣ್ಣ ದನಿಯಲ್ಲಿ. ಡಾಕ್ಟರ ಮಕ್ಕಳು, ಅಡಿಕೆ ತೋಟದವರ ಮಕ್ಕಳು ಕೂತಿದ್ದ ತರಗತಿ ಅದು. ಮೇಷ್ಟ್ರು ಬೋರ್ಡಿಗೆ ತಿರುಗಿ ಬರೆದರು: ಕರಿದು, ಪೊನ್, ಕರ್ಬೊನ್, ಅದೇ ಸವೆದು ಕಬ್ಬಿಣ. "ಕರಿಯ ಹೊನ್ನು ಕಣೋ. ನಿಮ್ಮಪ್ಪ ಮಾಡೋದು ಕರಿಯ ಹೊನ್ನು. ತಲೆ ಎತ್ತಿ ಹೇಳು."

ರಾತ್ರಿ ಅಪ್ಪನಿಗೆ ಹೇಳಿದೆ. ಕೈಗೆ ಹತ್ತಿದ್ದ ಮಸಿ ತೊಳೆಯುತ್ತಿದ್ದವರು "ಹೊನ್ನೇ? ಸಂಬಳದ ದಿನ ಮಾತ್ರ" ಎಂದು ನಕ್ಕರು. ಆದರೆ ಮಾರನೇ ದಿನ ಕ್ವಾರ್ಟರ್ಸಿನ ಪಕ್ಕದ ಮನೆಯವರಿಗೆ ಅವರೇ ಅದನ್ನು ವಿವರಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು, "ನಮ್ಮ ಹುಡುಗನ ಮೇಷ್ಟ್ರು ಹೇಳಿದ್ದು" ಎಂಬ ಮುನ್ನುಡಿಯ ಸಮೇತ.

ನಾನೇನು ಹಳಗನ್ನಡದ ದಾರಿ ಹಿಡಿಯಲಿಲ್ಲ. ಬ್ಯಾಂಕಿನ ಪರೀಕ್ಷೆ ಕಟ್ಟಿದೆ, ಪಾಸಾದೆ, ಊರೂರು ತಿರುಗಿದೆ. ಹಾಗಾಗಿ ಈಗಿನವರನ್ನು ದೂರುವಾಗ ನಾಲಿಗೆ ತೊಡರುತ್ತದೆ. ಮೊನ್ನೆ ಮೊಮ್ಮಗಳು ಕಬ್ಬಿಣ ಅಂದರೇನು ತಾತ ಎಂದಳು. ನಾನು ಕನ್ನಡಕ ಸರಿಮಾಡಿಕೊಂಡು ಬಾಯಿ ತೆರೆಯುವುದರೊಳಗೆ ಫೋನು ಐರನ್ ಎಂದು ಹೇಳಿಬಿಟ್ಟಿತ್ತು. ಅರ್ಥ ಸಿಕ್ಕಿತು, ಮಾತು ಮುಗಿಯಿತು, ಮಗು ಆಡಲು ಓಡಿತು.

ದುರ್ಗಿಗುಡಿಯ ಹತ್ತಿರ ಮೇಷ್ಟ್ರ ಹಂಚಿನ ಮನೆಯಿದ್ದ ಜಾಗದಲ್ಲಿ ಈಗ ಗಾಜಿನ ಮುಖದ ಅಂಗಡಿಗಳು. ಜಗಲಿಯಲ್ಲಿ ಕಿಟ್ಟೆಲ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕೂರುತ್ತಿದ್ದ ಜಾಗ ಯಾವುದೆಂದು ನನಗೂ ಸರಿಯಾಗಿ ಗುರುತು ಹತ್ತುವುದಿಲ್ಲ. ಭದ್ರಾವತಿಯಲ್ಲೂ ಹಾಗೇ. 1923ರಲ್ಲಿ ಹೊತ್ತಿದ ಕುಲುಮೆ, ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಬೆಳೆಸಿದ ಕಾರ್ಖಾನೆ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಜನ ಬೀದಿಗಿಳಿದರು, ಆ ವರ್ಷವೇ ಒಂದು ಭಾಗ ಮತ್ತೆ ಶುರುವಾಯಿತು. ಆದರೆ ದೊಡ್ಡ ಕುಲುಮೆ ಅದಕ್ಕೂ ಬಹಳ ಮೊದಲೇ ತಣ್ಣಗಾಗಿತ್ತು. ಪೇಪರ್ ಟೌನಿನ ಚಿಮಣಿಯಲ್ಲೂ ಹೊಗೆಯಿಲ್ಲ. ಹೊಗೆಯಿಲ್ಲದ್ದರಿಂದ ಗಾಳಿ ಚೊಕ್ಕವಾಗಿದೆ, ಅದನ್ನೂ ಹೇಳಬೇಕು. ಅಂಗಳದ ಬಟ್ಟೆಗೆ ಮಸಿ ಹಿಡಿಯುವುದಿಲ್ಲ.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಆ ತೀರ್ಮಾನಕ್ಕೂ ಮೊದಲು, ಅವರ ಮಗನ ಮನೆಯಲ್ಲಿ. ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದರು.

"ಬೆಂಕಿಪುರವೇನೋ?"

"ಹೌದು ಸಾರ್."

"ನಿಮ್ಮೂರಿನ ಇಗ್ನಿಸ್ ಹೇಗಿದೆ? ಉರೀತಾ ಇದೆಯಾ?"

"ಉರೀತಾ ಇದೆ ಸಾರ್" ಎಂದೆ.

ಅವರು ತಲೆಯಾಡಿಸಿದರು. ಬೆತ್ತದ ಕುರ್ಚಿಯ ಕೈಮೇಲೆ ಅವರ ಬೆರಳು ಒಂದು ಸಲ ಬಡಿದು ನಿಂತಿತು, ಮತ್ತೆ ಎರಡು ಸಲ ಬೇಗಬೇಗ.