ಡೋಣಿಯ ಕಂತು

ವಿಜಯಪುರದಲ್ಲಿ ಮನೆ ಸಾಲ ತೆಗೆದಾಗ ಅದರ ಜೋಡಿ ಒಂದು ವಿಮೆಯೂ ಬಂತು. ಬೆಂಕಿ, ಸಿಡಿಲು, ಭೂಕಂಪ ಎಂದು ಓದುತ್ತ ಹೋದ ಏಜೆಂಟ್ ‘ಮಹಾಪೂರ’ ಎನ್ನುತ್ತಲೇ ನಮ್ಮ ಕಾಕಾ ನಕ್ಕುಬಿಟ್ಟ. “ಕೊಡ ಹಿಡಕೊಂಡು ಪಾಳಿ ಹಚ್ಚಿದ ಊರಾಗ ಪೂರದ ವಿಮಾ ಮಾರಾಕ ಬಂದೀಯಲ್ಲೋ ತಮ್ಮಾ!” ನಗುವಂಥದ್ದೇ. ನೀರಿಗಾಗಿ ಬಾದಶಹರೇ ಬೆವರು ಸುರಿಸಿದ ಊರಿದು. ತೊರವಿಯಿಂದ ಸುರಂಗ ತೋಡಿ ನೀರು ತಂದರು, 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು.

ಆದರೆ ಕಾಕಾನ ಹೊಲವಿರುವುದು ಸಾರವಾಡದ ಕಡೆ, ಡೋಣಿ ದಂಡೆಗೆ. ವರ್ಷದ ಬಹುಪಾಲು ಅದನ್ನು ಹೊಳೆಯೆಂದು ಗುರುತಿಸುವುದೇ ಕಷ್ಟ. ಹೂಳು, ಜಾಲಿಕಂಟಿ, ನಡುವೆ ಬಾಯಿಗಿಡಲಾಗದ ಸವಳು ನೀರು. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಜೋರು ಮಳೆಯಾದರೆ ಮಾತ್ರ, ನಮ್ಮಲ್ಲಿ ಬಿಸಿಲಿದ್ದರೂ, ತಿಕೋಟಾ ಭಾಗ ದಾಟಿ ಬಂದು ಎರಿ ಹೊಲಗಳ ಮೇಲೆ ಮೈಚೆಲ್ಲುತ್ತದೆ. ಒಮ್ಮೆ ಬಂದಿತೆಂದರೆ ಹೋಗುವ ಅವಸರವೂ ಅದಕ್ಕಿಲ್ಲ.

ಹಿಂದಿನವರು ಇದನ್ನು ಹಾನಿ ಎನ್ನಲಿಲ್ಲ. ‘ಡೋಣಿ ಬೆಳೆದರ ಓಣೆಲ್ಲಾ ಕಾಳು’ ಎಂದರು. ಮುಂಗಾರಿಯಲ್ಲಿ ಆ ಎರಿಯನ್ನು ಖಾಲಿ ಬಿಟ್ಟು, ಹೊಳೆ ಬಂದು ಹೋದಮೇಲೆ ಉತ್ತರಿ, ಹಸ್ತದ ಹದಕ್ಕೆ ಬಿಳಿಜೋಳ ಬಿತ್ತುತ್ತಿದ್ದರು. ಬೆಳೆದದ್ದು ಹಗೇವಿಗೆ ಇಳಿಯುತ್ತಿತ್ತು. ನಮ್ಮ ಹಗೇವು ಊರ ಎತ್ತರದ ಕಡೆ ಇತ್ತು. ಒಬ್ಬ ಇಳಿಯುವಷ್ಟೇ ಬಾಯಿ, ಒಳಗೆ ಸುತ್ತಲೂ ಕಣಿಕೆ, ಮೇಲೊಂದು ಹಾಸುಗಲ್ಲು, ಅದರ ಸಂದಿಗೆ ಮೆತ್ತಿದ ಕೆಸರು. ಬಾಯಿ ತೆಗೆದೊಡನೆ ಯಾರನ್ನೂ ಇಳಿಸುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು, ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯುವುದು. ಆ ಜೋಳದ ಮುಗ್ಗು ವಾಸನೆ ರೊಟ್ಟಿಯಲ್ಲೂ ಉಳಿಯುತ್ತಿತ್ತು. ನಾವು ಹುಡುಗರು ಮೂಗು ಮುರಿದರೆ ಅಜ್ಜಿ ಬೈಯುತ್ತಿದ್ದಳು. ಬರದ ವರ್ಷ ಹಗೇವಿನ ಮುಂದೆ ಯಾರೂ ಅರ್ಜಿ ಬರೆಯಬೇಕಿರಲಿಲ್ಲ. ಹಗೇವು ಇದ್ದವರ ಮಾತು ಇದು. ಇಲ್ಲದವರು ಇದ್ದವರ ಬಾಗಿಲಿಗೇ ಬರಬೇಕಾಗುತ್ತಿತ್ತು ಎಂಬುದನ್ನು ನಮ್ಮ ಮನೆಯಲ್ಲಿ ಅಷ್ಟಾಗಿ ಹೇಳುವುದಿಲ್ಲ.

ಈಗ ಮುಂಗಾರಿಗೇ ತೊಗರಿ ಬೀಳುತ್ತದೆ. ಡೋಣಿ ಬರುವ ಹೊತ್ತಿಗೆ ಅದು ಸೊಂಟದೆತ್ತರ ನಿಂತಿರುತ್ತದೆ. ಬೇರಿಗೆ ನೀರು ನಿಂತರೆ ನಿಂತಲ್ಲೇ ಹಳದಿ. ಹೊಳೆಯ ತಿಂಗಳುಗಳನ್ನು ನಾವು ಬಿತ್ತಿಕೊಂಡೆವು, ಅದಕ್ಕೆ ಬಾಡಿಗೆಯ ಹಾಗೆ ಕಂತು ಕಟ್ಟುತ್ತೇವೆ. 2016ರಲ್ಲಿ ಬಂದ ಫಸಲ್ ಬಿಮಾದಲ್ಲಿ ರೈತನ ಪಾಲು ಮುಂಗಾರಿಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ. ಹೊಲ ಜಲಾವೃತವಾದರೆ 72 ತಾಸಿನೊಳಗೆ ತಿಳಿಸಬೇಕು. ತಿಕೋಟಾದ ದ್ರಾಕ್ಷಿಯವರದು ಬೇರೆ ವಿಮೆ, ನೂರಕ್ಕೆ 5. ಅಲ್ಲಿ ಸಾಕ್ಷಿ ಹೇಳುವುದು ತೋಟವಲ್ಲ, ಮಳೆಮಾಪಕ.

ಒಂದು ವರ್ಷ ಸರ್ವೆಗೆ ಬಂದ ಹುಡುಗ ಬೂಟು ಕೈಯಲ್ಲಿ ಹಿಡಿದು ಕೆಸರಿಗಿಳಿದ, ಫೋಟೋ ಹೊಡೆದ. ಕಾಕಾ ಕೊಚ್ಚಿಹೋದ ಒಡ್ಡು ತೋರಿಸಿದ. “ಅದು ಇದರಾಗ ಬರೂದಿಲ್ರಿ ಯಜಮಾನ್ರ, ಬೆಳಿ ಅಷ್ಟ.” ಹುಡುಗ ಹೇಳಿದ್ದು ಖರೆ. ಬೆಳೆಗೆ ವಿಮೆ, ಒಡ್ಡಿಗೂ ಮಣ್ಣಿಗೂ ಅಲ್ಲ.

ಅಂದಿನಿಂದ ಕಾಕಾ ಮೇಲಿನ ತೊಗರಿಗೆ ತಪ್ಪದೆ ಕಂತು ತುಂಬುತ್ತಾನೆ, ದಂಡೆಯ ನಾಲ್ಕು ಎಕರೆ ಮಾತ್ರ ಹಿಂಗಾರಿ ಜೋಳಕ್ಕೆ ಖಾಲಿ ಬಿಡುತ್ತಾನೆ. ಕಾಕೂಗೆ ಇದು ಸುತರಾಂ ಸೇರುವುದಿಲ್ಲ. ತೊಗರಿ ರೇಟು ಏರಿದಾಗಲೆಲ್ಲ ಆ ನಾಲ್ಕು ಎಕರೆಯ ಲೆಕ್ಕ ಊಟಕ್ಕೆ ಕೂತಾಗ ತೆಗೆಯುತ್ತಾಳೆ. ಕಾಕಾ ಇನ್ನೊಂದು ರೊಟ್ಟಿ ಕೇಳುತ್ತಾನೆ.